ನಾಲ್ಕು ಹಲ್ಲಿನ ಸಿಂಹ

ಒಂದು ಕಾಲಕ್ಕೆ ನಾನು ನಮ್ಮೂರಿನ ಸರಪಂಚಳಾಗಿದ್ದೆ, ಅಂದರೆ ಪಂಚಾಯತಿಯ ಮುಖ್ಯಸ್ಥೆ. ಇದನ್ನು ಹೇಳಿದರೆ ಈಗಿನವರು ಎದ್ದು ನಿಲ್ಲುವುದಿಲ್ಲ, ಆಗಿನವರೂ ನಿಲ್ಲುತ್ತಿರಲಿಲ್ಲ. ಆದ್ದರಿಂದ ದೊಡ್ಡಸ್ತಿಕೆಗೆ ಹೇಳುತ್ತಿದ್ದೇನೆಂದು ತಿಳಿಯಬೇಡಿ. ನನ್ನ ಅವಧಿಯಲ್ಲಿ ಊರಿಗೆ ನೀರಿನ ಟಾಕಿ ಬಂತು, ಗಟಾರಗಳಾದವು, ಶಾಲೆಗೆ ಹೊಸ ಕೋಣೆ ಬಂತು. ಅವನ್ನೆಲ್ಲ ಮಾಡಿಸಿದವಳು ನಾನೇ ಎಂಬುದು ನನಗೆ ಗೊತ್ತಾದದ್ದು ಉದ್ಘಾಟನೆಯ ದಿನ, ಫಲಕದ ಮೇಲಿನ ನನ್ನ ಹೆಸರನ್ನು ಯಾರೋ ತೋರಿಸಿದಾಗ. ನಾನು ಸ್ವಂತ ಬುದ್ಧಿ ಓಡಿಸಿ ಮಾಡಿಸಿದ ಕೆಲಸ ಒಂದೇ ಒಂದು. ಉದ್ಯಾನದಲ್ಲಿ ಸಿಂಹ ನಿಲ್ಲಿಸಲು ಹೋಗಿ ಟಗರು ನಿಲ್ಲಿಸಿದ್ದು.

ಊರ ಹೆಸರು ಬೇಡ. ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನಲ್ಲಿದೆ, ಉಟಗಿಯಲ್ಲಿ ಜೀಪು ಹತ್ತಿದರೆ ಮೊಣಕಾಲು ಮರಗಟ್ಟುವುದರೊಳಗೆ ಬರುತ್ತದೆ ಅಂದುಕೊಳ್ಳಿ. ಹೆಸರು ಹೇಳಿದರೆ ನೀವು ನೋಡಲು ಬರುತ್ತೀರಿ, ಬಂದವರಿಗೆ ಚಹಾ ಮಾಡಬೇಕಾಗುತ್ತದೆ. ಸರಪಂಚಗಿರಿಯಲ್ಲಿ ನಾನು ಮಾಡಿದ ಚಹಾ ಇನ್ನೊಂದು ಜನ್ಮಕ್ಕೂ ಸಾಕು.

ನಾನು ಸರಪಂಚಳಾದದ್ದು ಹೇಗೆಂದರೆ, ಆಗಬೇಕೆಂದಿದ್ದವರು ನಮ್ಮ ಮನೆಯವರು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಅವರು ಆಗಲೇ ಬಿಳಿ ಅಂಗಿ ಹೊಲಿಸಿ, ಬಿಳಿ ಧೋತರ ತರಿಸಿ ಇಟ್ಟಿದ್ದರು. ಮೀಸೆಯನ್ನು ಒಂದು ಹದಕ್ಕೆ ತಂದಿದ್ದರು. ದಾರಿಯಲ್ಲಿ ಎದುರಾದವರಿಗೆಲ್ಲ ಕೈಮುಗಿಯುವ ರೂಢಿ ಮಾಡಿಕೊಂಡು, ಮುಸ್ಸಂಜೆ ಮಬ್ಬಿನಲ್ಲಿ ಎಮ್ಮೆ ಬಂದರೂ ಕೈ ಎತ್ತುವಷ್ಟು ಪಳಗಿದ್ದರು. ಅಷ್ಟರಲ್ಲಿ ಈ ಸಲದ ಸರಪಂಚ ಹೆಂಗಸೇ ಆಗಬೇಕೆಂದು ಜತ್ತದಿಂದ ಸುದ್ದಿ ಬಂತು. ಎರಡು ದಿನ ಅವರಿಗೆ ಅನ್ನ ರುಚಿಸಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ ನನ್ನ ಮುಖವನ್ನು, ಸಂತೆಯಲ್ಲಿ ಸಾಮಾನು ನೋಡಿದ ಹಾಗೆ, ಹೊರಳಿಸಿ ಹೊರಳಿಸಿ ನೋಡಿದರು.

"ನಿಂದೊಂದ ಫೋಟೋ ತಗಿಸಬೇಕಲ್ಲ" ಅಂದರು.

"ಯಾಕ್ರಿ?"

"ನೀ ಸರಪಂಚ ಆಗಾಕತ್ತೀದಿ."

ನನ್ನ ರಾಜಕೀಯ ಪ್ರವೇಶ ಅಷ್ಟೇ. ಪೋಸ್ಟರಿನಲ್ಲಿ ನನ್ನ ಫೋಟೋ ಹುಬ್ಬಿನವರೆಗೆ ಸೆರಗು ಹೊದ್ದುಕೊಂಡು ಒಂದು ಮೂಲೆಯಲ್ಲಿತ್ತು. ನಡುವೆ ದೊಡ್ಡದಾಗಿ ಅವರದು. ಯಾರಿಗೆ ಮತ ಹಾಕಬೇಕೆಂದು ಜನರಿಗೆ ಗೊಂದಲವಾಗಬಾರದಲ್ಲ.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆ ಮುಂಜಿಯಲ್ಲಿ ಎಲ್ಲರೂ ಸೇರಿ ಕಾಡಿದಾಗ ಒಂದು ಸಲ ಹೇಳಿ ನಾಚಿ ಓಡಿಹೋಗುವುದು ಪದ್ಧತಿ. ಆದರೆ ಮಹಾರಾಷ್ಟ್ರದ ಸರಕಾರಿ ಕಾಗದಕ್ಕೆ ನಾಚಿಕೆಯಿಲ್ಲ; ಹೆಂಡತಿಯ ಹೆಸರಿನ ನಡುವೆ ಗಂಡನ ಹೆಸರು ಇರಲೇಬೇಕು ಅದಕ್ಕೆ. ಹೀಗಾಗಿ ಆಡಬಾರದ ಹೆಸರನ್ನು ನಾನು ಸಹಿ ಮಾಡುತ್ತ ಮಾಡುತ್ತ ಸಾವಿರಾರು ಸಲ ಬರೆದೆ. ಬರೆದದ್ದು ಯಾವುದರ ಕೆಳಗೆ ಎಂದು ಮಾತ್ರ ಗೊತ್ತಿರಲಿಲ್ಲ. ನಾನು ಗಡಿಯ ಆಚೆ ಹುಟ್ಟಿ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು. ಮರಾಠಿ ಕಾಗದ ಓದಲು ಬರುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಪಂಚಾಯತಿಯ ಕಾಗದಪತ್ರ ನೋಡುವ ನಮ್ಮ ಗ್ರಾಮಸೇವಕರಿಗೆ ಓದಲೂ ಬರುತ್ತಿತ್ತು, ಅರ್ಥವೂ ಆಗುತ್ತಿತ್ತು. ತಿಳಿಸಿ ಹೇಳುವುದು ಮಾತ್ರ ಬರುತ್ತಿರಲಿಲ್ಲ. ನಾವಿಬ್ಬರೂ ಹೊಂದಿಕೊಂಡು ಹೋದೆವು.

ಹೀಗಿರುವಾಗ ಮೇಲಿನಿಂದ ಮಕ್ಕಳ ಉದ್ಯಾನದ ಯೋಜನೆ ಬಂತು. ಎಸ್‌ಟಿ ಬಸ್ ಸ್ಟ್ಯಾಂಡಿನ ಹಿಂದೆ ಊರಿನ ಹಳೆಯ ಬಟ್ಟೆಯಿಂದ ಹಿಡಿದು ಮುರಿದ ಗಡಿಗೆಯವರೆಗೆ ಎಲ್ಲವೂ ಬಂದು ಬೀಳುವ ಒಂದು ಜಾಗವಿತ್ತು. ಅದನ್ನು ಬಳಿದು, ತಂತಿ ಬೇಲಿ ಹಾಕಿ, ಬೇವಿನ ಸಸಿ ನೆಟ್ಟು, ಸಿಮೆಂಟಿನ ಬೆಂಚು ಇಟ್ಟರು. ಒಂದು ಜೋಕಾಲಿಯೂ ಬಂತು; ಅದರ ಮೇಲೆ ಮೊದಲು ಕುಳಿತವರು ಪಂಚಾಯತಿ ಸದಸ್ಯರು. ಎಲ್ಲ ಆದ ಮೇಲೆ ಮಧ್ಯದಲ್ಲಿ ಒಂದು ಮೂರ್ತಿ ಆಗಬೇಕು ಎಂದು ಯೋಜನೆಯಲ್ಲೇ ಇದೆಯೆಂದು ಗೊತ್ತಾಯಿತು.

ಯಾರ ಮೂರ್ತಿ? ನಮ್ಮ ಪಡಸಾಲೆಯಲ್ಲಿ ಸಭೆ ಕೂಡಿತು. ದೇಶದಲ್ಲಿ ಮಹಾಪುರುಷರು ಬಹಳ ಮಂದಿ ಆಗಿಹೋಗಿದ್ದಾರೆ ಎಂಬುದು ನನಗೆ ಅಂದು ಅಡುಗೆಮನೆಯಲ್ಲಿ ನಿಂತೇ ತಿಳಿಯಿತು. ಪ್ರತಿ ಗಲ್ಲಿಗೂ ಒಬ್ಬರಿದ್ದರು. ಒಬ್ಬರ ಹೆಸರು ಎತ್ತಿದರೆ ಇನ್ನೊಂದು ಗಲ್ಲಿಯವರು ಸುಮ್ಮನೆ ಎದ್ದು ಚಪ್ಪಲಿ ಮೆಟ್ಟಿಕೊಳ್ಳುವರು. ಅವರನ್ನು ಕರೆದು ಕೂಡಿಸಿದರೆ ಮತ್ತೊಬ್ಬರು ಮೆಟ್ಟಿಕೊಳ್ಳುವರು. ಎರಡು ಸುತ್ತು ಚಹಾ ಆಯಿತು. ಮೂರನೆಯ ಸುತ್ತು ತಂದಾಗ ನನಗೆ ಹಾಲು ಮುಗಿದ ಚಿಂತೆ. ಗೋಡೆಯ ಮೇಲೆ ರಸಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರು ತೂಗುತ್ತಿತ್ತು. ಪುರಾಣ ಕಾಲದ ಒಬ್ಬ ಪುಟ್ಟ ರಾಜಕುಮಾರ ಸಿಂಹದ ಬಾಯಿ ಅಗಲಿಸಿ ಹಲ್ಲು ಎಣಿಸುವ ಚಿತ್ರ.

"ಒಂದ ಸಣ್ಣ ಹುಡುಗನ್ನ ನಿಲ್ಲಸ್ರಿ" ಅಂದೆ. "ಸಣ್ಣ ಹುಡುಗ ಯಾವ ಗಲ್ಲಿಯಾಂವ ಅಂತ ಯಾರ ಕೇಳ್ತಾರ?"

ಎಲ್ಲರೂ ನನ್ನನ್ನು ನೋಡಿದರು, ನಾನು ಕ್ಯಾಲೆಂಡರು ನೋಡಿದೆ, ಅವರೂ ಕ್ಯಾಲೆಂಡರು ನೋಡಿದರು. ಯಾರಿಗೂ ಲಾಭವಿಲ್ಲದ್ದರಿಂದ ಯಾರೂ ಬೇಡವೆನ್ನಲಿಲ್ಲ. ನಮ್ಮ ಎದುರು ಪಕ್ಷದ ಧರೆಪ್ಪ ಕೂಡ ಒಪ್ಪಿದ. "ಸಿಂಹ ಚಲೋ ಐತಿ. ಸಿಂಹ ಪಕ್ಷ ಬದಲ್ಸೂದಿಲ್ಲ" ಎಂದು ನಮ್ಮ ಮನೆಯವರ ಕಡೆ ನೋಡಿ ಹೇಳಿದ. ನಮ್ಮ ಮನೆಯವರು ಕಪ್ಪಿನಿಂದ ಬಸಿಗೆ ಸುರಿದ ಚಹಾವನ್ನು ಬೇಕಾದ್ದಕ್ಕಿಂತ ಜೋರಾಗಿ ಹೀರಿದರು.

ಇನ್ನು ಕೆತ್ತುವವರು. ಊರಲ್ಲೇ ದಸ್ತಗೀರಣ್ಣ ಇದ್ದ. ಬೀಸುಕಲ್ಲು, ಒರಳು, ಸಮಾಧಿಯ ಕಲ್ಲು, ಗುಡಿಯ ಮೆಟ್ಟಿಲು, ಹೀಗೆ ಊರಿನ ಹೊಟ್ಟೆ, ಭಕ್ತಿ, ಸಾವು ಮೂರಕ್ಕೂ ಬೇಕಾದ ಕಲ್ಲು ಅವನದೇ. ಮಿಕ್ಸರ್ ಬಂದ ಮೇಲೆ ಒರಳು ಕೇಳುವವರು ಕಡಿಮೆಯಾಗಿ, ಅವನ ಕೈಗೆ ಬಿಡುವು ಹೆಚ್ಚಾಗಿ, ಆ ಬಿಡುವೆಲ್ಲ ಬಾಯಿಗೆ ಬಂದಿತ್ತು. ತನ್ನಷ್ಟು ಕಲ್ಲು ತಿಳಿದವರು ಸೊಲ್ಲಾಪುರದಿಂದ ಈಚೆಗೆ ಇಲ್ಲವೆಂದು ಅವನೇ ಹೇಳುತ್ತಿದ್ದ. ಬೇರೆ ಯಾರೂ ಹೇಳದ್ದರಿಂದ ಅವನೇ ಹೇಳಬೇಕಾಗುತ್ತಿತ್ತು. ನಾನು ಕ್ಯಾಲೆಂಡರಿನ ಹಾಳೆ ಹರಿದು ಕೊಂಡೊಯ್ದು ಅವನ ಅಂಗಳದಲ್ಲಿ ಹಾಸಿದೆ. ಊರಿನ ಬಹಳ ಮಂದಿಯಂತೆ ಅವನಿಗೂ ನಾನು ವೈನಿ, ಅಂದರೆ ಅತ್ತಿಗೆ.

"ಸಿಂಹ ನೋಡೀರೇನ್ರಿ ದಸ್ತಗೀರಣ್ಣ?"

"ವೈನ್ಯಾರ, ಸಿಂಹ ಅಂದ್ರ ಏನ್ರಿ? ನಾಕ ಕಾಲ, ಒಂದ ಬಾಯಿ. ಗುಡಿ ಮುಂದಿನ ಬಸವಣ್ಣನ್ನ ಮಾಡಿಲ್ಲೇನ್ ನಾ? ಅದಕ್ಕೂ ನಾಕ ಕಾಲ ಅಲ್ಲ?"

ಅವನ ಹೆಂಡತಿ ಹಸೀನಾಬಿ ಶೇಂಗಾ ಸುಲಿಯುತ್ತ ಕುಳಿತವಳು ತಲೆ ಎತ್ತದೆ, "ಆ ಬಸವಣ್ಣಗ ನಾಯಿ ಅಂತ ತಿಳದ ಯಾರೋ ಕಲ್ಲ ಒಗದಿದ್ರು, ಅದನ್ನೂ ಹೇಳ್ರಿ" ಅಂದಳು. ದಸ್ತಗೀರಣ್ಣನಿಗೆ ಹೆಂಡತಿಯ ಕಡೆಗಿದ್ದ ಕಿವಿ ಕೇಳುತ್ತಿರಲಿಲ್ಲ.

ಕರಿಕಲ್ಲು ಬಂತು. ಉಳಿಯ ಟಕಟಕ ಸದ್ದು ಗಲ್ಲಿಯನ್ನೆಲ್ಲ ತುಂಬಿತು. ನಾನು ಹೋಗಿ ಬಂದು ನೋಡುತ್ತಿದ್ದೆ. ಸರಪಂಚ ಎನ್ನುವ ಕಾರಣಕ್ಕೆ ಕುರ್ಚಿ ಕೊಡುತ್ತಿದ್ದ ಒಂದೇ ಮನೆ ಅದು. ಚಿತ್ರದಲ್ಲಿ ಸಿಂಹದ ಮುಂಭಾಗ ಮಾತ್ರ ಕಾಣುತ್ತಿತ್ತು, ಹಿಂಭಾಗ ಪೊದೆಯೊಳಗಿತ್ತು. ಕಾಣದ ಭಾಗಕ್ಕೆ ದಸ್ತಗೀರಣ್ಣ ಕಂಡದ್ದನ್ನೇ ಹಾಕಿದ. ನಮ್ಮ ಸುತ್ತಿನಲ್ಲಿ ಕಂಡದ್ದೆಂದರೆ ಕುರಿ. ಮಾಡಗ್ಯಾಳದ ಕುರಿ ಎಂದರೆ ದೂರದೂರದವರು ಬಂದು ಒಯ್ಯುತ್ತಾರೆ. ಎತ್ತರದ ಮೈ, ಜೋತುಬಿದ್ದ ಉದ್ದ ಕಿವಿ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು. ಟಗರಿಗೂ ಕೊಂಬಿರುವುದಿಲ್ಲ. ಸಿಂಹಕ್ಕೂ ಇರುವುದಿಲ್ಲ. ಅನಾಹುತದ ಅರ್ಧ ಪಾಲು ಇದರಿಂದಲೇ ಆಯಿತು.

ಜಟೆಯನ್ನು ಗುಂಗುರು ಗುಂಗುರಾಗಿ ಕಡೆದ, ಅದು ಉಣ್ಣೆಯಾಯಿತು. ಬಾಲದ ತುದಿಯ ಕುಚ್ಚು ಮುರಿಯಿತು, ಬಾಲ ಗಿಡ್ಡವಾಯಿತು. ಮೂಗಿನ ಹತ್ತಿರ ಬಂದಾಗ ಕೈ ತಾನಾಗಿಯೇ ಬಾಗಿತು. ರಾಜಕುಮಾರನ ಕಿರೀಟದ ಒಂದು ಹೋಳು ಹಾರಿ ಹಸೀನಾಬಿಯ ಹಿಟ್ಟಿನ ಪರಾತಕ್ಕೆ ಬಿತ್ತು. ಉಳಿದದ್ದನ್ನು ಸುತ್ತಿ ಸುತ್ತಿ ಕಡೆದಾಗ ಅದು ರುಮಾಲಾಯಿತು. ಒಂದೊಂದೂ ನನ್ನ ಕಣ್ಣೆದುರಿಗೇ ನಡೆಯಿತು. ಹೇಳಬೇಕೆನಿಸಿದರೂ, ಎದುರಿಗೆ ಬಂದ ಯಾವುದಕ್ಕೂ ಏನೂ ಅನ್ನದೆ ಕುಳಿತಿರುವ ಅಧಿಕಾರಿಯ ಗುಣ ನನಗೂ ಅಂಟಿತ್ತು. ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ಆ ಕಲ್ಲು ದಿನದಿನಕ್ಕೆ ಚೆಲುವಾಗುತ್ತಿತ್ತು. ಆ ಹುಡುಗನ ಹೆಬ್ಬೆರಳು ಪ್ರಾಣಿಯ ಕೆಳತುಟಿಯನ್ನು ಒತ್ತಿ ಹಿಡಿದ ರೀತಿ, ಪ್ರಾಣಿ ಬೇಸರದಿಂದ ಕಣ್ಣು ಅರೆಮುಚ್ಚಿದ ರೀತಿ. ನೋಡುತ್ತ ಕುಳಿತರೆ ಸಾರಿಗೆ ಒಗ್ಗರಣೆ ಹಾಕುವುದು ಮರೆಯುತ್ತಿತ್ತು.

ಇಲ್ಲಿ ನಾನೊಂದು ಮಾತು ಹೇಳಲೇಬೇಕು. ಆಮೇಲೆ ನಾನು ಊರೂರ ಹಳೆಯ ಗುಡಿಗಳನ್ನು ಈ ಕಣ್ಣಿನಿಂದಲೇ ನೋಡಿದ್ದೇನೆ. ಅಲ್ಲಿನ ಕಲ್ಲಿನ ಸಿಂಹಗಳನ್ನು ಗಮನಿಸಿ. ಒಂದಕ್ಕೆ ಕುದುರೆಯ ಮೈ, ಒಂದಕ್ಕೆ ಆನೆಯ ಸೊಂಡಿಲು, ಒಂದರ ಮುಖ ಬಾಗಿಲು ಕಾಯುವ ನಾಯಿಯದು, ಒಂದಕ್ಕಂತೂ ನಮ್ಮ ಹಳೆಯ ಗೌಡರ ಹಾಗೆ ತಿರುಚಿದ ಮೀಸೆ. ಕೆತ್ತಿದವರು ಸಿಂಹ ನೋಡಿರಲಿಲ್ಲ ಎಂಬುದು ಕುರುಡರಿಗೂ ಗೊತ್ತಾಗುತ್ತದೆ. ಆದರೆ ಪಂಡಿತರು ಬಂದು ಅವಕ್ಕೆಲ್ಲ ಸಂಸ್ಕೃತದ ಒಂದೊಂದು ಹೆಸರು ಕೊಟ್ಟು, ಇದು ಶಿಲ್ಪಿಯ ಕಲ್ಪನಾಶಕ್ತಿ ಎಂದು ಬರೆದಿದ್ದಾರೆ. ಅವರ ತಪ್ಪು ಹಳೆಯದಾದ್ದರಿಂದ ಕಲೆ. ದಸ್ತಗೀರಣ್ಣನದು ಹೊಸದಾದ್ದರಿಂದ ತಪ್ಪು. ಕಾಯುವ ತಾಳ್ಮೆ ನಮ್ಮೂರಿಗೆ ಇರಲಿಲ್ಲ, ಅಷ್ಟೇ.

ಉದ್ಘಾಟನೆಗೆ ಜತ್ತದಿಂದ ಒಬ್ಬ ಸಾಹೇಬರು ಬಂದರು. ಮಂಟಪ, ಹಾರ, ಮೈಕು ಎಲ್ಲ ಇತ್ತು. ಮೂರ್ತಿಗೆ ಬಿಳಿ ಬಟ್ಟೆ ಮುಚ್ಚಿತ್ತು. ಪಕ್ಕದ ಫಲಕದಲ್ಲಿ 'ಧೀರ ಬಾಲಕ ಮತ್ತು ಸಿಂಹ' ಎಂದು ಮರಾಠಿಯಲ್ಲಿ ಮೊದಲೇ ಬರೆಸಿ ಆಗಿತ್ತು. ಸಾಹೇಬರು ಹಗ್ಗ ಎಳೆದರು, ಬಟ್ಟೆ ಜಾರಿತು, ಚಪ್ಪಾಳೆಗೆ ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು.

ಅಷ್ಟರಲ್ಲಿ ಕುರಿಗಾರ ಬೀರಪ್ಪಜ್ಜ ಕಂಬಳಿ ಸರಿಪಡಿಸಿಕೊಂಡು ಮುಂದೆ ಹೋದ. ಕಟ್ಟೆಯ ಸುತ್ತ ಒಂದು ಸುತ್ತು ಬಂದ. ಪ್ರಾಣಿಯ ಬೆನ್ನ ಮೇಲೆ ಅಂಗೈ ಆಡಿಸಿದ. ಆಮೇಲೆ ಬಗ್ಗಿ ಬಾಯಿಯೊಳಗೆ ನೋಡಿದ. ಟಗರಿಗೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲು ಇರುವುದಿಲ್ಲ, ಇಲ್ಲೂ ಇರಲಿಲ್ಲ. ಕೆಳಗೆ ಇದ್ದವು. ದೊಡ್ಡ ಹಲ್ಲುಗಳನ್ನು ಎಣಿಸಿ ವಯಸ್ಸು ಹೇಳುವುದು ಕುರಿ ವ್ಯಾಪಾರದ ಮೊದಲ ಪಾಠ; ನಾಲ್ಕು ಹಲ್ಲೆಂದರೆ ಎರಡು ವರ್ಷದ ತುಂಬು ಪ್ರಾಯ.

"ನಾಕ್ಹಲ್ಲಿಂದ ಐತಿ" ಅಂದ ಬೀರಪ್ಪಜ್ಜ. "ಚಲೋ ಟಗರ. ಯಾರದ ಇದು?"

ನಗು ಹಿಂದಿನ ಸಾಲಿನಿಂದ ಎದ್ದು ಮುಂದಿನ ಸಾಲಿಗೆ ಬಂತು. ನಾನು ಸೆರಗಿನೊಳಗೆ ಮುಖವಿಟ್ಟು ಕೆಮ್ಮಿದ ಹಾಗೆ ಮಾಡಿದೆ. ಸಾಹೇಬರು ಪಾಪ, ಭಾಷಣ ಬರೆಸಿಕೊಂಡು ಬಂದಿದ್ದರು. ಧೈರ್ಯದ ಮೇಲೆ, ಸಿಂಹದ ಮೇಲೆ. ಮರಾಠಿಯಲ್ಲಿ ಶುರು ಮಾಡಿದರು. 'ಸಿಂಹ' ಎಂಬ ಶಬ್ದ ಬಂದಾಗಲೊಮ್ಮೆ ಕಣ್ಣು ಮೂರ್ತಿಯ ಕಡೆ ಹೋಗುವುದು, ದನಿ ಒಂದು ಮೆಟ್ಟಿಲು ಇಳಿಯುವುದು. ಕೊನೆಗೆ 'ಹಾ ಪ್ರಾಣಿ', ಅಂದರೆ 'ಈ ಪ್ರಾಣಿ', ಎಂದು ರಾಜಿ ಮಾಡಿಕೊಂಡು ಮುಗಿಸಿದರು.

ಆಗ ನಮ್ಮ ಮನೆಯವರು ಎದ್ದು ಮೈಕು ಹಿಡಿದರು. ಅಲ್ಲಿಯವರೆಗೆ ಊರಿನಲ್ಲಿ ಯಾವ ಕೆಲಸವಾದರೂ 'ನಾ ಮಾಡಿಸಿದೆ' ಎನ್ನುತ್ತಿದ್ದವರು. ಅಂದು ಗಂಟಲು ಸರಿಪಡಿಸಿಕೊಂಡು, "ಇದರಾಗ ನನ್ನ ಕೈ ಏನೂ ಇಲ್ರಿ. ಇದು ಪೂರಾ ಸರಪಂಚರ ವಿಚಾರ. ಏನ ಕೇಳೂದಿದ್ರೂ ಸರಪಂಚರನ್ನ ಕೇಳ್ರಿ" ಅಂದರು.

ಸರಪಂಚರು. ಬಹುವಚನ. ಅವರ ಬಾಯಿಂದ ಆ ಶಬ್ದ ನನಗಾಗಿ ಬಂದದ್ದು ಅದೇ ಮೊದಲು. ಮರ್ಯಾದೆ ಹೋಗುವ ಹೊತ್ತಿನಲ್ಲಿ ನನಗೆ ಮರ್ಯಾದೆ ಸಿಕ್ಕಿತು. ಮರುದಿನ ಬೆಳಿಗ್ಗೆ ಬೈಯಲು ಬಂದವರೂ ನನ್ನನ್ನೇ ಹುಡುಕಿಕೊಂಡು ಬಂದರು. ಬೈದು ಮುಗಿದ ಮೇಲೆ ಇಬ್ಬರು, ಬಂದೇ ಬಂದಿದ್ದೇವೆ ಎಂಬಂತೆ, ತಮ್ಮ ಗಲ್ಲಿಯ ನಳದ ಮಾತೂ ಎತ್ತಿದರು. ನಾನು ಕುಳಿತು ಕೇಳಿದೆ. ಹೀಗೆ ನನ್ನ ಸರಪಂಚಗಿರಿ ಶುರುವಾಯಿತು.

ಆದರೆ ದಸ್ತಗೀರಣ್ಣ ಮನೆ ಹಿಡಿದ. ಉದ್ಘಾಟನೆಯ ದಿನ ನಗು ಎದ್ದಾಗ ಅವನು ಹೊಸ ಅಂಗಿ ಹಾಕಿಕೊಂಡು, ಹಾರ ಹಾಕುತ್ತಾರೆಂದು ಕುತ್ತಿಗೆಯ ಗುಂಡಿ ಬಿಚ್ಚಿ ನಿಂತಿದ್ದನಂತೆ. ಹಸೀನಾಬಿ ನನಗೆ ಹೇಳಿದಳು. ಅಂದಿನಿಂದ ಉಳಿಯ ಸದ್ದೂ ಇಲ್ಲ, ಮಾತೂ ಇಲ್ಲ. "ಇಷ್ಟ ವರ್ಷ ಬಾಯಿ ಮುಚ್ಚಲಿ ಅಂತ ಬೇಡ್ಕೊಂಡೀನಿ ವೈನ್ಯಾರ. ಈಗ ಮುಚ್ಚೇದ. ನನಗ ಮನಿಯಾಗ ಕುಂದ್ರಾಕ ಆಗವೊಲ್ದು" ಅಂದಳು. ನಾನು ಒಳಗೆ ಇಣುಕಿದೆ. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಕುರ್ಚಿ ಕೊಡಲಿಲ್ಲ.

ಈ ನಡುವೆ ಧರೆಪ್ಪನಿಗೆ ಸುಗ್ಗಿ. ಬಸ್ಸಿನ ಕಂಡಕ್ಟರರು ನಮ್ಮೂರು ಬಂದಾಗ 'ಟಗರ ಗಾರ್ಡನ್ ಇಳೀರಿ' ಎಂದು ಕೂಗಲು ಶುರುಮಾಡಿದ್ದರು. ಬಿಳೂರಿನಿಂದ ಬೀಗರು ಬಂದವರು ಊಟಕ್ಕಿಂತ ಮೊದಲು ಮೂರ್ತಿ ನೋಡಬೇಕೆನ್ನುತ್ತಿದ್ದರು. ಊರಿನ ಮಾನ ಹೋಯಿತೆಂದು ಧರೆಪ್ಪ ಗ್ರಾಮಸಭೆಗೆ ವಿಷಯ ತಂದ. ಮೂರ್ತಿ ಒಡೆದು ಹಳ್ಳದ ಮೋರಿಗೆ ಹಾಕಬೇಕು ಎಂದು ಬೇಡಿಕೆ.

ಸಭೆ ಶಾಲೆಯ ಮುಂದಿನ ಬಯಲಿನಲ್ಲಿ ಕೂಡಿತು. ಬಾರದವರೂ ಬಂದಿದ್ದರು. ಧರೆಪ್ಪ ಮಾತಾಡಿದ, ಚೆನ್ನಾಗಿಯೇ ಮಾತಾಡಿದ. ಮಾನ, ಮರ್ಯಾದೆ, ಪೂರ್ವಜರು, ಮುಂದಿನ ಪೀಳಿಗೆ ಎಲ್ಲರನ್ನೂ ಕರೆತಂದ. ಅವನು ಕುಳಿತ ಮೇಲೆ ಹಿಂದಿನಿಂದ ದಸ್ತಗೀರಣ್ಣ ಎದ್ದು ನಿಂತ. ಅವನು ಬಂದದ್ದು ನನಗೆ ಗೊತ್ತಿರಲಿಲ್ಲ. ಗಡ್ಡ ಬೆಳೆದಿತ್ತು.

"ಒಡಿಯೂದಾದ್ರ ನನ್ನ ಕೈಲೇನ ಒಡಸ್ರಿ" ಅಂದ. "ಬ್ಯಾರೇದವರಿಗೆ ಕಲ್ಲಿನ ಎಳಿ ಗೊತ್ತಾಗೂದಿಲ್ಲ. ಆ ಹುಡುಗನ ಮಾರಿ ಮ್ಯಾಲ ಹೊಡದಾರು."

ಅಷ್ಟು ಹೇಳಿ ಕುಳಿತ. ತನ್ನ ಬಗ್ಗೆ ಒಂದು ಮಾತೂ ಹೇಳಿಕೊಳ್ಳದ ದಸ್ತಗೀರಣ್ಣನನ್ನು ಊರು ಅಂದೇ ಮೊದಲು ನೋಡಿದ್ದು. ಯಾರೂ ನಗಲಿಲ್ಲ.

ನಮ್ಮ ಮನೆಯವರು ರೂಢಿಯಂತೆ ನನ್ನ ಪರವಾಗಿ ಉತ್ತರ ಕೊಡಲು ಎದ್ದರು. ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಹಿಂದಿನ ದಿನವೇ ಧರೆಪ್ಪನ ಜೊತೆ ಮಾತಾಗಿತ್ತು. ಮೋರಿಗೆ ಕಲ್ಲು, ಮಳೆಗಾಲಕ್ಕೆ ಮುಂಚೆ ಕೆಲಸ, ಇಬ್ಬರಿಗೂ ನೆಮ್ಮದಿ. ನಾನು ಅವರ ಅಂಗಿಯ ಚುಂಗು ಹಿಡಿದೆ.

"ಕುಂದ್ರಿ. ನಾ ಮಾತಾಡ್ತೀನಿ."

ಮೈಕು ನನ್ನ ಎದುರಿಗೇ ಇತ್ತು. ಇಬ್ಬರ ನಡುವೆ ಮೆಲ್ಲಗೆ ಆಡಿದ ಮಾತು ಇಡೀ ಊರಿಗೆ ಕೇಳಿಸಿತು. ಅವರು ಕುಳಿತರು. ಕಾಲು ತಾನಾಗಿ ಮಡಚಿಕೊಂಡಿತೆಂದು ಆಮೇಲೆ ಹೇಳಿದರು. ಈಗ ಎದ್ದು ನಿಲ್ಲದೆ ನನಗೆ ಬೇರೆ ದಾರಿಯೇ ಇರಲಿಲ್ಲ.

"ನಾ ಭಾಷಣ ಕಲತಾಕಿ ಅಲ್ಲ" ಅಂದೆ. "ಒಂದ ಕೇಳ್ತೀನಿ. ಇಲ್ಲಿ ಕುಂತವರಾಗ ಸಿಂಹ ನೋಡಿದವರು ಕೈ ಎತ್ರಿ."

ಒಂದೇ ಒಂದು ಕೈ ಎದ್ದಿತು, ಅರ್ಧ. ಲಾರಿ ನಡೆಸುವವನೊಬ್ಬನದು. "ಸರ್ಕಸ್ಸಿನ್ಯಾಗ ನೋಡೀನ್ರಿ, ಮಿರಜದಾಗ."

"ಅದರ ಹಲ್ಲ ನೋಡ್ದ್ಯೇನಪ?"

"ಇಲ್ರಿ. ನಾ ಹಿಂದ ಕುಂತಿದ್ದೆ."

"ಚಲೋ ಆತು. ಟಗರಿನ ಬಾಯಿ ಬಿಡಿಸಿ ಹಲ್ಲ ನೋಡಿದವರು ಕೈ ಎತ್ರಿ."

ಕೈಗಳು ಎದ್ದವು. ಹೆಂಗಸರದೂ ಎದ್ದವು. ಧರೆಪ್ಪನ ಕೈ ರೂಢಿಯ ಬಲದಿಂದ ಎದೆಯವರೆಗೆ ಬಂದು, ನೆನಪಾಗಿ, ಗುಂಡಿ ಸರಿಪಡಿಸಿಕೊಂಡು ಇಳಿಯಿತು.

"ಕ್ಯಾಲೆಂಡರಿನ್ಯಾಗಿನ ಹುಡುಗ ಸಿಂಹದ ಹಲ್ಲ ಎಣಿಸ್ತಾನ. ಎಣಿಸಿ ಏನ ಮಾಡ್ತಾನ? ಸಂತ್ಯಾಗ ಮಾರ್ತಾನೇನು? ದಸ್ತಗೀರಣ್ಣನ ಹುಡುಗ ಎಣಿಸಿದ್ದಕ್ಕ ಒಂದ ಉಪಯೋಗ ಅದ. ನಾಳೆ ಅಂವಗ ಯಾರೂ ಮೋಸ ಮಾಡೂದಿಲ್ಲ. ಸಿಂಹ ನಮಗೇನ ಕೊಟ್ಟದ? ಕಂಬಳಿ ಕೊಟ್ಟದೇನು? ಹೊಲಕ್ಕ ಗೊಬ್ಬರ ಕೊಟ್ಟದೇನು? ಮಕ್ಕಳ ಮದಿವಿ ಮಾಡೇದೇನು?"

ಮುಂದೆ ಏನು ಹೇಳಬೇಕೆಂದು ತೋಚಲಿಲ್ಲ. ಭಾಷಣ ಮಾಡುವವರಿಗೆ ಇಂಥ ಜಾಗದಲ್ಲಿ ಕುಡಿಯಲು ನೀರು ಇಟ್ಟಿರುತ್ತಾರೆ ಎಂಬುದು ಆಗ ಅರ್ಥವಾಯಿತು. ಧರೆಪ್ಪ ಎದ್ದು, "ಬರೇ ಮಾತಿನಿಂದ ಆಗೂದಿಲ್ಲ ವೈನಿ. ಠರಾವ ಬರೀರಿ, ಒಡಿಯೂದಂತ" ಅಂದ.

"ಬರೀರಿ" ಅಂದೆ. "ಬರದ ಮ್ಯಾಲ ನಾ ಸಹಿ ಮಾಡಬೇಕಲ್ಲ. ಮಾಡೂದಿಲ್ಲ."

ಗ್ರಾಮಸೇವಕರು ಪೆನ್ನಿನ ಟೋಪಿ ಹಾಕಿ ಜೇಬಿಗೆ ಇಟ್ಟುಕೊಂಡರು. ಇಷ್ಟು ದಿನ ನನ್ನ ಸಹಿ ಎಂದರೆ ಕಾಗದಕ್ಕೆ ಅಂಟಿಸುವ ಅಂಟು ಎಂದುಕೊಂಡಿದ್ದವಳಿಗೆ, ಅದನ್ನು ಮಾಡದೆ ಇರುವುದೂ ಒಂದು ಕೆಲಸವೆಂದು ಅಂದು ಹೊಳೆಯಿತು. ಬೀರಪ್ಪಜ್ಜ ಕೋಲು ಊರಿ ಎದ್ದು, "ನಾಕ್ಹಲ್ಲಿನ ಟಗರಪಾ ಅದು. ಯಾವ ಮಳ್ಳ ಒಡೀತಾನ" ಎಂದು ಮನೆಯ ಕಡೆ ನಡೆದ. ಅವನ ಹಿಂದೆ ಕುರಿಗಾರರೆಲ್ಲ ಎದ್ದರು. ಸಭೆ ಮುಗಿಯಿತೆಂದು ಯಾರೂ ಹೇಳಲಿಲ್ಲ, ಆದರೆ ಮುಗಿದಿಲ್ಲವೆಂದು ಹೇಳಲು ಜನ ಉಳಿದಿರಲಿಲ್ಲ.

ಅಂದು ನಮ್ಮ ಮನೆಯವರು ಊಟಕ್ಕೆ ಕುಳಿತರು. ಜುಣಕ ಎರಡನೆಯ ಸಲ ಹಾಕಿಸಿಕೊಂಡ ಮೇಲೆ, "ಮಂದಿ ಮುಂದ ಕುಂದ್ರಿ ಅಂದಿ" ಅಂದರು.

"ಹೂಂ" ಅಂದೆ.

"ಮೈಕ್ ಸರಿಸಿ ಅನ್ನಬೇಕಿತ್ತು" ಅಂದರು. ಆಮೇಲೆ ರೊಟ್ಟಿ ಮುರಿದು, ತಾಟಿನ ಕಡೆ ನೋಡುತ್ತಲೇ, "ಸಂತ್ಯಾಗ ಮಾರ್ತಾನೇನು ಅಂದ್ಯಲ್ಲ, ಅದ ಚಲೋ ಅಂದಿ" ಎಂದು ಸೇರಿಸಿದರು. ನಾವು ಮದುವೆಯಾಗಿ ಆಗಲೇ ಬಹಳ ವರ್ಷವಾಗಿತ್ತು. ಅವರು ನನ್ನ ಮಾತೊಂದನ್ನು ನೆನಪಿಟ್ಟು ತಿರುಗಿ ಹೇಳಿದ್ದು ನನಗೆ ಅದಕ್ಕಿಂತ ಮೊದಲು ನೆನಪಿಲ್ಲ.

ದಸ್ತಗೀರಣ್ಣ ಮರುದಿನ ಗಡ್ಡ ತೆಗೆದ. ಮೂರನೆಯ ದಿನಕ್ಕೆ, ತಾನು ಮೊದಲಿನಿಂದಲೂ ಟಗರನ್ನೇ ಕಡೆಯುತ್ತಿದ್ದೆನೆಂದೂ, ಸಿಂಹವೆಂದು ಬರೆದದ್ದು ಫಲಕದವನ ತಪ್ಪೆಂದೂ ಹೇಳತೊಡಗಿದ. ಹಸೀನಾಬಿ ಹಣೆ ಬಡಿದುಕೊಂಡಳು, ಆದರೆ ಅವಳ ಮುಖದಲ್ಲಿ ಕಳೆ ಬಂದಿತ್ತು. ಆ ಮುಂದಿನ ವರ್ಷಗಳಲ್ಲಿ ಮಾಡಗ್ಯಾಳದ ಕಡೆಯ ಕುರಿಗಾರರು ತಮ್ಮ ಹೆಸರಾದ ಟಗರುಗಳು ಸತ್ತರೆ ಹೊಲದ ದಂಡೆಯಲ್ಲಿ ನಿಲ್ಲಿಸಲು ಅವನಿಂದ ಕಲ್ಲು ಕಡೆಸಿದರು. ಕಲ್ಲಿನಲ್ಲಿ ಒಂದೊಂದರ ಮೂಗೂ ಬೇರೆ ಬೇರೆ ಇರುತ್ತಿತ್ತು, ಆ ಟಗರಿನದೇ ಇರುತ್ತಿತ್ತು. ಗಡಿಯಾಚೆಯ ಯಾರೋ ಸಾಹುಕಾರರು ಮನೆಯ ಗೇಟಿಗೆ ಎರಡು ಸಿಂಹ ಬೇಕೆಂದು ಬಂದರೆ, "ಅದೆಲ್ಲ ಹಗರ ಕೆಲಸ. ನನ್ನ ಕೈ ಕೆಡತೈತಿ" ಎಂದು ವಾಪಸು ಕಳಿಸಿದ.

ಫಲಕ ಬದಲಾಗಲಿಲ್ಲ. ಸಿಂಹಕ್ಕೆ ಮಂಜೂರಾದದ್ದರಿಂದ ಟಗರೆಂದು ಬರೆದರೆ ಸಿಂಹ ಎಲ್ಲಿ ಹೋಯಿತೆಂದು ಕೇಳುತ್ತಾರೆ ಎಂದರು ಗ್ರಾಮಸೇವಕರು. ಅವರು ನನಗೆ ತಿಳಿಸಿ ಹೇಳಿದ ಮೊದಲ ವಿಷಯ ಅದು. ಹೀಗಾಗಿ ನಮ್ಮೂರ ಮಕ್ಕಳು ಶಾಲೆಗೆ ಹೋಗಿ ಓದು ಕಲಿತ ಮೇಲೆ ಮಾತ್ರ ಅದನ್ನು ಸಿಂಹವೆಂದು ತಿಳಿಯುತ್ತಾರೆ.

ನನ್ನ ಅವಧಿ ಮುಗಿಯಿತು. ಎರಡು ಸಾವಿರದ ಆಚೆಯ ಚುನಾವಣೆಗೆ ಜಾಗ ಎಲ್ಲರಿಗೂ ತೆರೆಯಿತು. ನಮ್ಮ ಮನೆಯವರು ಪೆಟ್ಟಿಗೆಯಿಂದ ಬಿಳಿ ಅಂಗಿ ತೆಗೆದರು, ನಿಂತರು, ಆರಿಸಿಯೂ ಬಂದರು. ಬಂದವರು ಮಾಡಿದ ಮೊದಲ ಕೆಲಸವೆಂದರೆ, ಉದ್ಯಾನದ ಇನ್ನೊಂದು ಮಗ್ಗುಲಿಗೆ ದೊಡ್ಡದೊಂದು ಕಟ್ಟೆ ಕಟ್ಟಿಸಿದ್ದು. ಈ ಸಲ ಸರಿಯಾದ ಮೂರ್ತಿ, ಊರಿಗೆ ಶೋಭೆ ತರುವಂಥದ್ದು, ಎಂದರು. ಕಟ್ಟೆ ಆಯಿತು, ಹಾಸುಗಲ್ಲು ಬಂತು, ಸುತ್ತ ಎರಡು ಮೆಟ್ಟಿಲೂ ಬಂದವು. ಆಮೇಲೆ ಯಾರನ್ನು ನಿಲ್ಲಿಸಬೇಕೆಂದು ಸಭೆ ಕರೆದರು.

ಐದು ವರ್ಷ ಸಭೆ ನಡೆಯಿತು. ಅವರ ಅವಧಿಯೂ ಮುಗಿಯಿತು. ಗಲ್ಲಿಗಳು ಕಡಿಮೆಯಾಗಲಿಲ್ಲ, ಮಹಾಪುರುಷರೂ ಕಡಿಮೆಯಾಗಲಿಲ್ಲ. ಕಟ್ಟೆ ಖಾಲಿಯೇ ಉಳಿಯಿತು.

ಬೇವಿನ ಗಿಡಗಳು ಈಗ ದೊಡ್ಡವಾಗಿ ಆ ಕಟ್ಟೆಯ ಮೇಲೆ ತಂಪಾದ ನೆರಳು ಬೀಳುತ್ತದೆ. ಬಸ್ಸಿಗೆ ಕಾಯುವವರು ಗಂಟು ಇಟ್ಟು ಅಲ್ಲೇ ಕೂಡುತ್ತಾರೆ. ಹಸೀನಾಬಿ ಮತ್ತು ನಾನು ಸಂಜೆ ಹೋಗಿ ಕಾಲು ಇಳಿಬಿಟ್ಟು ಕುಳಿತು ಮಂದಿಯ ಸುದ್ದಿ ಆಡುತ್ತೇವೆ. ಮಾಜಿ ಸರಪಂಚರು, ಅಂದರೆ ನಮ್ಮ ಮನೆಯವರು, ಧರೆಪ್ಪನ ಜೊತೆ ಆ ತುದಿಯಲ್ಲಿ ಕುಳಿತು ಒಂದೇ ಪುಡಿಕೆಯ ಶೇಂಗಾ ತಿನ್ನುತ್ತಾರೆ. ಯಾವ ಗಲ್ಲಿಯವರು ಬಂದರೂ ಸರಿದು ಜಾಗ ಕೊಡುತ್ತಾರೆ. ಊರಿನ ಎಲ್ಲರೂ ಒಪ್ಪಿದ ದೊಡ್ಡ ಮನುಷ್ಯ ಯಾರಾದರೂ ಸಿಕ್ಕು, ಆ ಮೂರ್ತಿ ಬಂದು ಅಲ್ಲಿ ನಿಂತುಬಿಟ್ಟರೆ ನಾವೆಲ್ಲ ಎಲ್ಲಿ ಕೂಡಬೇಕು ಎಂಬುದೊಂದೇ ಈಗ ನನಗಿರುವ ಹೆದರಿಕೆ.